ಇಒಜಿ ಪರೀಕ್ಷೆ: ರೆಟಿನಾದ ಹಿಂದಿನ ವರ್ಣಕ ಪದರದಲ್ಲಿ ಅಯಾನುಗಳ ಸಾಗಣೆಯನ್ನು ಅಳೆಯುವ ಕ್ರಮ

ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ರೆಟಿನಾದ ಹಿಂಬದಿಗೆ ಒಂದೇ ಸಾಲಿನ ಕೋಶಗಳ ಕಪ್ಪು ಪದರವೊಂದಿದೆ. ವರ್ಣಕ ಪದರ ಅಥವಾ ಆರ್‌ಪಿಇ ಎಂದು ಕರೆಯುವುದು ಇದನ್ನೇ. ರೆಟಿನಾದ ಪದರಗಳ ಸೀಳುಚಿತ್ರ ತೆಗೆಯುವ ಒಸಿಟಿ ಸ್ಕ್ಯಾನ್‌ನಲ್ಲಿ ಇದರ ಆಕಾರ ಚೆನ್ನಾಗಿ ಕಾಣುತ್ತದೆ. ಆದರೆ ಇದು ಅಯಾನುಗಳನ್ನೂ ನೀರನ್ನೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಾಗಿ ದಾಟಿಸುತ್ತಿದೆಯೇ ಎಂಬುದನ್ನು ಯಾವ ಚಿತ್ರವೂ ಹೇಳಲಾರದು. ಅದನ್ನು ತಿಳಿಯಲು ಎಲೆಕ್ಟ್ರೋ-ಆಕ್ಯುಲೋಗ್ರಾಂ, ಅಂದರೆ ಇಒಜಿ, ಇದೆ. ಜೆಫ್ರಿ ಆರ್ಡನ್ ಮತ್ತು ಜೊತೆಗಾರರು 1962ರಲ್ಲಿ ಇದನ್ನು ಚಿಕಿತ್ಸಾಲಯದ ಪರೀಕ್ಷೆಯಾಗಿ ರೂಪಿಸಿದರು. ಬೇಕಾಗುವ ಸಾಮಾನು ಕಡಿಮೆ, ಚುಚ್ಚುವ ನೋವಿಲ್ಲ. ಆದರೂ ಕೆಟ್ಟದಾಗಿ ಮಾಡಿದ ಇಒಜಿ ವರದಿಗಳು ಬಹಳ. ಯಾವ ನಿಮಿಷದಲ್ಲಿ ಯಾವ ಅಯಾನು ಎತ್ತ ಹರಿಯುತ್ತಿದೆ ಎಂಬುದು ಗೊತ್ತಿಲ್ಲದೆ ಬರೀ ಯಂತ್ರದ ಗುಂಡಿ ಒತ್ತುವುದೇ ಇದಕ್ಕೆ ಮುಖ್ಯ ಕಾರಣ. ಆದ್ದರಿಂದ ಮೊದಲು ಕೋಶದ ಒಳಗಿನ ವಿಷಯ ನೋಡಿ, ಆಮೇಲೆ ಕುರ್ಚಿಯ ಬಳಿಗೆ ಬರೋಣ.

ಪದರದ ಎರಡು ಮುಖಗಳು

ಆರ್‌ಪಿಇ ಕೋಶಕ್ಕೆ ಎರಡು ಮುಖಗಳಿವೆ: ಒಂದು ರೆಟಿನಾದ ಕಡೆಗೆ, ಇನ್ನೊಂದು ರಕ್ತನಾಳಗಳಿಂದ ತುಂಬಿದ ಕೋರಾಯ್ಡ್ ಕಡೆಗೆ. ಪಕ್ಕಪಕ್ಕದ ಕೋಶಗಳು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಎರಡೂ ಮುಖಗಳ ವಿದ್ಯುತ್ ಸ್ಥಿತಿ ಬೇರೆ ಬೇರೆಯಾಗಿ ಉಳಿಯುತ್ತದೆ. ಎರಡೂ ಪೊರೆಗಳಲ್ಲಿ ಕೋಶದ ಒಳಭಾಗ ಋಣವೇ. ರೆಟಿನಾ ಕಡೆಯ ಪೊರೆಯಲ್ಲಿ ಈ ಋಣ ಸ್ವಲ್ಪ ಹೆಚ್ಚು. ಇವೆರಡರ ವ್ಯತ್ಯಾಸ, ಕೆಲವು ಮಿಲಿವೋಲ್ಟ್‌ನಷ್ಟು, ಪದರದ ಆಚೀಚೆ ನಿಲ್ಲುತ್ತದೆ. ಪದರದ ಹೊರಗಿನಿಂದ ಅಳೆದರೆ ರೆಟಿನಾ ಕಡೆ ಧನ. ಇದರಿಂದಾಗಿ ಇಡೀ ಕಣ್ಣು ಮುಂಭಾಗದ ಕಾರ್ನಿಯಾ ಕಡೆ ಧನ, ಹಿಂಭಾಗ ಋಣ ಇರುವ ಒಂದು ಸಣ್ಣ ಬ್ಯಾಟರಿಯಂತೆ ವರ್ತಿಸುತ್ತದೆ. ಎಮಿಲ್ ದು ಬೋಯ್-ರೇಮಂಡ್ 1849ರಲ್ಲಿ ಮೀನಿನ ಕಣ್ಣಿನಲ್ಲಿ ಕಂಡದ್ದು ಇದೇ ಸ್ಥಿರ ವಿಭವ.

ಹೆಚ್ಚಿನ ಎಪಿಥೀಲಿಯಂಗಳಲ್ಲಿ, ಅಂದರೆ ಅಂಗಗಳ ಹೊದಿಕೆಯಾದ ಕೋಶ ಪದರಗಳಲ್ಲಿ, ಸೋಡಿಯಂ-ಪೊಟ್ಯಾಸಿಯಂ ಪಂಪ್ ರಕ್ತದ ಕಡೆಯ ಪೊರೆಯಲ್ಲಿರುತ್ತದೆ. ಆರ್‌ಪಿಇಯಲ್ಲಿ ಅದು ರೆಟಿನಾ ಕಡೆಯ ಪೊರೆಯಲ್ಲಿದೆ. ಪ್ರತಿ ಸುತ್ತಿಗೂ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಹೀಗೆ ಉಂಟಾದ ಸೋಡಿಯಂ ಇಳಿಜಾರಿನ ಬಲದಿಂದ ಅದೇ ಪೊರೆಯ ಎನ್‌ಕೆಸಿಸಿ1 ಎಂಬ ಸಾಗಣೆ ಪ್ರೋಟೀನ್ ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್ ಅಯಾನುಗಳನ್ನು ಒಟ್ಟಿಗೆ ಒಳಗೆ ತರುತ್ತದೆ. ಪೊಟ್ಯಾಸಿಯಂನ ದೊಡ್ಡ ಪಾಲು ಕಿರ್7.1 ಚಾನೆಲ್ ಮೂಲಕ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಕ್ಲೋರೈಡ್ ಮಾತ್ರ ಕೋಶದೊಳಗೆ ಸಮತೋಲಕ್ಕಿಂತ ಹೆಚ್ಚಾಗಿ ಸೇರಿಕೊಂಡು, ಕೋರಾಯ್ಡ್ ಕಡೆಯ ಪೊರೆಯ ಚಾನೆಲ್‌ಗಳಿಂದ ಹೊರಬೀಳುತ್ತದೆ. ಅದರ ಹಿಂದೆ ನೀರೂ ಹೋಗುತ್ತದೆ. ರೆಟಿನಾ ತನ್ನ ಜಾಗದಲ್ಲಿ ಅಂಟಿಕೊಂಡು ಒಣಗಿರುವುದಕ್ಕೆ ಈ ಹರಿವು ಒಂದು ಮುಖ್ಯ ಆಧಾರ.

ಈಗ ಬೆಳಕು ಬಿತ್ತು ಎನ್ನಿ. ರೆಟಿನಾದಲ್ಲಿ ಮಂದ ಬೆಳಕನ್ನು ಗುರುತಿಸುವ ರಾಡ್ ಕೋಶಗಳಲ್ಲಿ ಕತ್ತಲಲ್ಲಿ ಹರಿಯುತ್ತಿದ್ದ ವಿದ್ಯುತ್ ಪ್ರವಾಹ ನಿಂತು, ರೆಟಿನಾ ಮತ್ತು ಆರ್‌ಪಿಇ ನಡುವಿನ ಸಂದಿಯಲ್ಲಿ ಪೊಟ್ಯಾಸಿಯಂ ಸುಮಾರು 5 ಮಿಲಿಮೋಲಾರ್‌ನಿಂದ 2ರ ಹತ್ತಿರಕ್ಕೆ ಇಳಿಯುತ್ತದೆ. ಇದರಿಂದ ಮೂರು ಘಟನೆಗಳು ಒಂದರ ಹಿಂದೆ ಒಂದು ನಡೆಯುತ್ತವೆ.

ಮೊದಲ ಕೆಲವು ಸೆಕೆಂಡುಗಳಲ್ಲಿ ರೆಟಿನಾ ಕಡೆಯ ಪೊರೆ ಇನ್ನಷ್ಟು ಋಣವಾಗಿ ವಿಭವ ಏರುತ್ತದೆ. ಬೆಳಕಿಗೆ ರೆಟಿನಾ ಕೊಡುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವ ಇಆರ್‌ಜಿ (ಎಲೆಕ್ಟ್ರೋರೆಟಿನೋಗ್ರಾಂ) ಪರೀಕ್ಷೆಯ ಸಿ-ಅಲೆ ಎಂದರೆ ಇದೇ. ಸುಮಾರು ಮುಕ್ಕಾಲು ನಿಮಿಷದ ಹೊತ್ತಿಗೆ, ಪೊಟ್ಯಾಸಿಯಂ ಸಾಲದೆ ಎನ್‌ಕೆಸಿಸಿ1 ನಿಧಾನಿಸಿ, ಕೋಶದೊಳಗಿನ ಕ್ಲೋರೈಡ್ ಕುಸಿದು, ಕೋರಾಯ್ಡ್ ಕಡೆಯ ಪೊರೆಯೂ ಹೆಚ್ಚು ಋಣವಾಗುತ್ತದೆ. ಎರಡು ಪೊರೆಗಳ ವ್ಯತ್ಯಾಸ ಕಡಿಮೆಯಾಗಿ ವಿಭವ ಇಳಿಯುತ್ತದೆ. ಇದು ವೇಗದ ಏರಿಳಿತ. ಮೂರನೆಯದು ನಿಧಾನದ್ದು. ಬೆಳಕು ಕಂಡ ರೆಟಿನಾದಿಂದ ಬರುವ ರಾಸಾಯನಿಕ ಸಂಕೇತ ಕೋಶದೊಳಗೆ ಕ್ಯಾಲ್ಸಿಯಂ ಮಟ್ಟವನ್ನು ಬದಲಿಸಿ ಕೋರಾಯ್ಡ್ ಕಡೆಯ ಕ್ಲೋರೈಡ್ ದಾರಿಗಳನ್ನು ಅಗಲವಾಗಿ ತೆರೆಸುತ್ತದೆ. ಕ್ಲೋರೈಡ್ ಹೊರಕ್ಕೆ ಹರಿದು ಆ ಪೊರೆಯ ಋಣ ಕಡಿಮೆಯಾಗುತ್ತದೆ, ವ್ಯತ್ಯಾಸ ಹಿಗ್ಗುತ್ತದೆ, 7ರಿಂದ 12 ನಿಮಿಷಗಳ ನಡುವೆ ವಿಭವ ತುದಿ ಮುಟ್ಟುತ್ತದೆ. ಇದನ್ನು ಬೆಳಕಿನ ಶಿಖರ ಎನ್ನುತ್ತೇವೆ. ಇಒಜಿಯಲ್ಲಿ ಅಳೆಯುವುದು ಈ ಶಿಖರವನ್ನು, ಕತ್ತಲಲ್ಲಿ ಬರುವ ತಗ್ಗಿಗೆ ಹೋಲಿಸಿ.

ರೋಗಿಯನ್ನು ಸಿದ್ಧಮಾಡುವುದು

ಪರೀಕ್ಷೆಯ ದಿನ ಇಒಜಿಯನ್ನು ಎಲ್ಲಕ್ಕಿಂತ ಮೊದಲು ಇಟ್ಟುಕೊಳ್ಳಿ. ಫಂಡಸ್ ಫೋಟೋ, ಆಂಜಿಯೋಗ್ರಫಿ, ಇಂಡೈರೆಕ್ಟ್ ಆಫ್ತಾಲ್ಮೋಸ್ಕೋಪಿ ಎಲ್ಲ ಮುಗಿಸಿ ಕೊನೆಗೆ ಇಒಜಿಗೆ ಕಳಿಸುವ ರೂಢಿ ಫಲಿತಾಂಶವನ್ನು ಹಾಳುಮಾಡುತ್ತದೆ. ಜೋರು ಬೆಳಕು ಬಿದ್ದ ಕಣ್ಣಿನ ವಿಭವ ಒಮ್ಮೆ ಏರಿ ಸುಮ್ಮನಾಗುವುದಿಲ್ಲ, ಸಣ್ಣದಾಗುತ್ತ ಬಹಳ ಹೊತ್ತು ಏರಿಳಿಯುತ್ತಿರುತ್ತದೆ. ನೀವು ಕತ್ತಲು ಮಾಡಿದಾಗ ಆ ಹಳೆಯ ಅಲೆ ಇನ್ನೂ ಓಡುತ್ತಿದ್ದರೆ ತಗ್ಗು ಬೇರೆ ನಿಮಿಷಕ್ಕೆ ಸರಿಯುತ್ತದೆ. ಬಿಸಿಲಿನಿಂದ ಬಂದವರನ್ನೂ ಕನಿಷ್ಠ 30 ನಿಮಿಷ ಸಾಮಾನ್ಯ ಕೋಣೆ ಬೆಳಕಿನಲ್ಲಿ ಕೂರಿಸಿ. ಕಿಟಕಿಯ ಪಕ್ಕದ ಕುರ್ಚಿ ಬೇಡ, ಮೊಬೈಲ್ ಟಾರ್ಚೂ ಬೇಡ.

ಕಾರ್ನಿಯಾದ ಹಿಂದಿನ ಮುಂಗೋಣೆಯ ಆಳ ನೋಡಿ, ಕಾರ್ನಿಯಾ ಮತ್ತು ಪಾಪೆಯ ಸುತ್ತಲಿನ ಬಣ್ಣದ ಪೊರೆಯ ನಡುವಿನ ಕೋನ ಕಿರಿದಾಗಿಲ್ಲ ಎಂದು ಖಚಿತವಾದ ಮೇಲೆ ಟ್ರಾಪಿಕಮೈಡ್ ಹನಿ ಹಾಕಿ ಪಾಪೆ ಹಿಗ್ಗಿಸಿ. ಹಿಗ್ಗಿದ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ಬರೆದಿಡಿ. ಸಣ್ಣ ಪಾಪೆಯಿಂದ ಒಳಗೆ ಹೋಗುವ ಬೆಳಕು ಕಡಿಮೆ, ಶಿಖರವೂ ತಗ್ಗು. ವರದಿಯಲ್ಲಿ ಪಾಪೆಯ ಅಳತೆ ಇಲ್ಲದಿದ್ದರೆ ಕಡಿಮೆ ಅನುಪಾತ ಬಂದದ್ದು ರೋಗದಿಂದಲೋ ಪಾಪೆಯಿಂದಲೋ ಎಂದು ಆಮೇಲೆ ಯಾರೂ ಹೇಳಲಾರರು.

ಔಷಧದ ವಿಚಾರವಾಗಿ ಎರಡು ಪ್ರಶ್ನೆ ಕೇಳಲೇಬೇಕು. ಕಣ್ಣಿನ ಒತ್ತಡ ತಗ್ಗಿಸುವ ಅಸೆಟಜೋಲಮೈಡ್ ತೆಗೆದುಕೊಳ್ಳುತ್ತಿದ್ದಾರೆಯೇ? ಅದು ಆರ್‌ಪಿಇಯ ಬೈಕಾರ್ಬನೇಟ್ ಸಾಗಣೆಯನ್ನು ಕದಲಿಸಿ ಸ್ಥಿರ ವಿಭವವನ್ನು ತಗ್ಗಿಸುತ್ತದೆ. ಮ್ಯಾನಿಟಾಲ್ ಡ್ರಿಪ್ ಕೂಡ ಹಾಗೆಯೇ. ಎರಡನೆಯದು ಮದ್ಯ. ಹೊಟ್ಟೆಗೆ ಹೋದ ಮದ್ಯ ಕತ್ತಲಲ್ಲೇ ಬೆಳಕಿನ ಶಿಖರದಂಥ ಏರಿಕೆಯನ್ನು ಎಬ್ಬಿಸುತ್ತದೆ. ಮುಜುಗರಪಡದೆ, ಮನೆಯವರು ಪಕ್ಕದಲ್ಲಿಲ್ಲದಾಗ ಕೇಳಿ. ಮೂತ್ರಕ್ಕೆ ಹೋಗಿ ಬರಲು ಮೊದಲೇ ಹೇಳುವುದು ಸಣ್ಣ ವಿಷಯವಾದರೂ ಮರೆಯಬಾರದು. ಮಧ್ಯದಲ್ಲಿ ಎದ್ದರೆ ಪರೀಕ್ಷೆ ಮತ್ತೆ ಮೊದಲಿಂದ.

ಗೋಳ, ದೀಪ, ಕೋನ

ಇಡೀ ದೃಷ್ಟಿಕ್ಷೇತ್ರಕ್ಕೆ ಒಂದೇ ಸಮ ಬೆಳಕು ಕೊಡುವ ಗ್ಯಾನ್ಜ್‌ಫೆಲ್ಡ್ ಗೋಳ ಬೇಕು. ಒಳಗೆ ಮಧ್ಯದಿಂದ ಎಡಕ್ಕೆ 15 ಡಿಗ್ರಿ, ಬಲಕ್ಕೆ 15 ಡಿಗ್ರಿಯಲ್ಲಿ ಎರಡು ಸಣ್ಣ ಕೆಂಪು ಎಲ್‌ಇಡಿಗಳು. ಕಣ್ಣು ಒಂದರಿಂದ ಇನ್ನೊಂದಕ್ಕೆ ಹೊರಳಿದಾಗ ಒಟ್ಟು 30 ಡಿಗ್ರಿ. ಕಣ್ಣಿನ ಇಕ್ಕೆಲದ ಚರ್ಮಕ್ಕೆ ಅಂಟಿಸುವ ಎಲೆಕ್ಟ್ರೋಡ್‌ಗಳಲ್ಲಿ ಕಾರ್ನಿಯಾ ಯಾವುದರ ಕಡೆ ಸರಿಯುತ್ತದೋ ಅದು ಹೆಚ್ಚು ಧನವಾಗುತ್ತದೆ. ಸ್ಥಿರ ವಿಭವವನ್ನು ಚರ್ಮದ ಮೇಲಿಂದ ನೇರವಾಗಿ ಅಳೆಯಲು ಆಗದು, ಕಣ್ಣಿನ ಈ ಹೊರಳಾಟದಿಂದ ಬರುವ ಏರಿಳಿತವನ್ನೇ ಅದರ ಅಳತೆಗೋಲಾಗಿ ಬಳಸುತ್ತೇವೆ.

ಆದ್ದರಿಂದ ಕೋನ ತಪ್ಪಿದರೆ ಎಲ್ಲವೂ ತಪ್ಪಿತು. ಕಣ್ಣಿನಿಂದ ಗೋಳದ ಹಿಂಬದಿಗೆ 33 ಸೆಂಟಿಮೀಟರ್ ಇದ್ದರೆ, ಅಷ್ಟೇ ದೂರದ ಸಮತಲದಲ್ಲಿ ಪ್ರತಿ ದೀಪ ಮಧ್ಯದಿಂದ ಸುಮಾರು 8.8 ಸೆಂಟಿಮೀಟರ್ ಆಚೆ ಇರಬೇಕು. ರೋಗಿ ತಲೆಯನ್ನು 3 ಸೆಂಟಿಮೀಟರ್ ಮುಂದೆ ತಂದರೆ ಪ್ರತಿ ಬದಿಯ ಕೋನ 16.4 ಡಿಗ್ರಿ ಆಗಿ, ಅಯಾನುಗಳಲ್ಲಿ ಏನೂ ಬದಲಾಗದೆ ಅಳತೆ ಶೇಕಡಾ 9ರಷ್ಟು ಹೆಚ್ಚುತ್ತದೆ. ಗಲ್ಲದ ಆಸರೆಯ ಎತ್ತರವನ್ನು ಮೊದಲೇ ಸರಿಮಾಡಿ. ಕುತ್ತಿಗೆ ನೋಯುವಂತೆ ಕೂತವರು ಹತ್ತು ನಿಮಿಷದಲ್ಲಿ ಜಾರುತ್ತಾರೆ.

ಆಂಪ್ಲಿಫೈಯರ್‌ನ ಕೆಳಮಿತಿ 0.1 ಹರ್ಟ್ಸ್ ಅಥವಾ ಅದಕ್ಕಿಂತ ಕಡಿಮೆ, ಮೇಲ್ಮಿತಿ 30 ಹರ್ಟ್ಸ್. ಮೇಲ್ಮಿತಿ 50ಕ್ಕಿಂತ ಕೆಳಗಿರುವುದರಿಂದ ಮನೆ ವಿದ್ಯುತ್ತಿನ ಗೊರಗೊರ ಬಹುಪಾಲು ಕಡಿಮೆಯಾಗುತ್ತದೆ. ಕೆಳಮಿತಿಯ ಬಗ್ಗೆ ಒಂದು ಎಚ್ಚರಿಕೆ: 0.1 ಹರ್ಟ್ಸ್ ಇಟ್ಟರೆ ಕಾಲ ಸ್ಥಿರಾಂಕ 1.6 ಸೆಕೆಂಡ್. ಕಣ್ಣು ಹೊರಳಿ ಒಂದು ಸೆಕೆಂಡ್ ನಿಂತರೆ ಅಷ್ಟರಲ್ಲೇ ರೇಖೆ ತನ್ನ ಎತ್ತರದ ಅರ್ಧದಷ್ಟು ಕುಸಿದಿರುತ್ತದೆ. ಹಾಗಾಗಿ ಅಳೆಯಬೇಕಾದದ್ದು ಹೊರಳಿದ ತಕ್ಷಣದ ಜಿಗಿತವನ್ನು. ಡಿಸಿ ಆಂಪ್ಲಿಫೈಯರ್ ಇದ್ದವರಿಗೆ ಈ ತೊಂದರೆ ಇಲ್ಲ, ಬದಲಿಗೆ ರೇಖೆ ಮೇಲೆ ಕೆಳಗೆ ತೇಲಿ ಪರದೆಯಿಂದ ಹೊರಹೋಗುವ ತೊಂದರೆ ಇದೆ.

ಎಲೆಕ್ಟ್ರೋಡ್ ಅಂಟಿಸುವುದು

ಪ್ರತಿ ಕಣ್ಣಿಗೆ ಎರಡು: ಒಂದು ಮೂಗಿನ ಕಡೆಯ ಮೂಲೆಯ ಹತ್ತಿರ, ಒಂದು ಕಿವಿಯ ಕಡೆಯ ಮೂಲೆಯ ಹತ್ತಿರ, ಎರಡೂ ಕಣ್ಣಿನ ನಡುಗೆರೆಯ ಮಟ್ಟದಲ್ಲಿ. ಗ್ರೌಂಡ್ ಎಲೆಕ್ಟ್ರೋಡ್ ಹಣೆಯ ಮಧ್ಯಕ್ಕೆ. ಮೂಗಿನ ಪಕ್ಕದ ಜಾಗ ಇಕ್ಕಟ್ಟು, ಕನ್ನಡಕದ ಗುರುತು ಮತ್ತು ಜಿಡ್ಡು ಇರುತ್ತದೆ. ಇಲ್ಲಿಯೇ ಹೆಚ್ಚಿನವು ಕಳಚುವುದು. ಸ್ಪಿರಿಟ್‌ನಿಂದ ಒರೆಸಿ, ಉಜ್ಜುವ ಜೆಲ್‌ನಿಂದ ಮೆಲ್ಲಗೆ ತಿಕ್ಕಿ, ಒಣಗಿದ ಮೇಲೆ ಪೇಸ್ಟ್ ತುಂಬಿದ ಎಲೆಕ್ಟ್ರೋಡ್ ಇಟ್ಟು ಟೇಪ್ ಹಾಕಿ. ಇಂಪಿಡೆನ್ಸ್ (ಚರ್ಮ ಮತ್ತು ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ) 5 ಕಿಲೋ ಓಮ್‌ಗಿಂತ ಕಡಿಮೆ ಇರಬೇಕು. ಒಂದು 3, ಇನ್ನೊಂದು 12 ತೋರಿಸುತ್ತಿದ್ದರೆ ಮುಂದೆ ಹೋಗಬೇಡಿ, ತೆಗೆದು ಮತ್ತೆ ಹಾಕಿ. ತಂತಿಗಳನ್ನು ಕೆನ್ನೆಗೆ ಒಂದು ಟೇಪ್ ಹಾಕಿ ಸಡಿಲವಾಗಿ ಬಿಡಿ, ಇಲ್ಲದಿದ್ದರೆ ತಂತಿಯ ಭಾರವೇ ಎಳೆಯುತ್ತದೆ.

ಎಲೆಕ್ಟ್ರೋಡ್ ಕೂದಲೆಳೆಯಷ್ಟು ಆಚೀಚೆ ಇದ್ದರೂ ಕೊನೆಯ ಅನುಪಾತ ಕೆಡುವುದಿಲ್ಲ, ಏಕೆಂದರೆ ಶಿಖರ ಮತ್ತು ತಗ್ಗು ಎರಡನ್ನೂ ಅದೇ ಜಾಗದಿಂದ ಅಳೆದಿರುತ್ತೇವೆ. ಮಧ್ಯದಲ್ಲಿ ಜಾಗ ಬದಲಾದರೆ ಈ ರಕ್ಷಣೆ ಹೋಯಿತು.

ಅಭ್ಯಾಸ

ದೀಪ ಆರಿಸುವ ಮೊದಲು ಒಂದೆರಡು ನಿಮಿಷ ಅಭ್ಯಾಸ ಮಾಡಿಸಿ. "ತಲೆ ಅಲ್ಲಾಡಿಸಬೇಡಿ, ಕಣ್ಣು ಮಾತ್ರ ಹೊರಳಿಸಿ. ಯಾವ ಕಡೆ ಕೆಂಪು ದೀಪ ಹತ್ತುತ್ತೋ ಆ ಕಡೆ ತಕ್ಷಣ ನೋಡಿ, ಅದು ಆರುವ ತನಕ ಅಲ್ಲೇ ನೋಡ್ತಾ ಇರಿ." ಸೆಕೆಂಡಿಗೊಮ್ಮೆ ದೀಪ ಬದಲಾಗಲಿ. ವಯಸ್ಸಾದವರಿಗೆ ಸ್ವಲ್ಪ ನಿಧಾನ ಮಾಡಬಹುದು, 2 ಸೆಕೆಂಡಿನವರೆಗೆ ಅಡ್ಡಿಯಿಲ್ಲ. ಒಮ್ಮೆ ಆರಿಸಿದ ವೇಗವನ್ನು ಕೊನೆಯತನಕ ಬದಲಿಸಬೇಡಿ.

ಪರದೆಯಲ್ಲಿ ಚೌಕಾಕಾರದ ಮೆಟ್ಟಿಲು ಕಾಣಬೇಕು. ಒಂದೇ ನೆಗೆತದ ಬದಲು ಎರಡು ಸಣ್ಣ ಮೆಟ್ಟಿಲು ಬಂದರೆ ಕಣ್ಣು ಗುರಿಗಿಂತ ಮೊದಲೇ ನಿಂತು ಮತ್ತೆ ಹೊರಳಿದೆ. ಒಟ್ಟು ಎತ್ತರವನ್ನು ಲೆಕ್ಕಕ್ಕೆ ಹಿಡಿಯಿರಿ. ಮೊನೆಯಂತೆ ಮೇಲೆದ್ದು ಕೆಳಗಿಳಿದರೆ ಗುರಿ ದಾಟಿ ಹಿಂದೆ ಬಂದಿದೆ. ಮೊನೆಯನ್ನು ಬಿಟ್ಟು ನೆಲೆನಿಂತ ಮಟ್ಟವನ್ನು ಹಿಡಿಯಿರಿ. ರೆಪ್ಪೆ ಹೊಡೆದದ್ದು ಚೂಪಾದ ಮುಳ್ಳಿನಂತೆ ಕಾಣುತ್ತದೆ, ಅದನ್ನು ಕೈಬಿಡಿ. ದೀಪವೇ ಕಾಣದಷ್ಟು ದೃಷ್ಟಿ ಕಡಿಮೆಯಾದವರಿಗೆ "ಎಡ, ಬಲ" ಎಂದು ಹೇಳಿ ಮಾಡಿಸಬಹುದು, ಆದರೆ ಕೋನ ಪ್ರತಿ ಸಲ ಒಂದೇ ಆಗಿರುವುದಿಲ್ಲ ಎಂಬ ಮಾತನ್ನು ವರದಿಗೆ ಸೇರಿಸಿ. ಕಣ್ಣು ತಾನಾಗಿ ಅದುರುವ ನಿಸ್ಟಾಗ್ಮಸ್, ಕಣ್ಣಿನ ಸ್ನಾಯುಗಳ ಪಾರ್ಶ್ವವಾಯು, ತೀರ ಚಿಕ್ಕ ಮಕ್ಕಳು: ಇವರಲ್ಲಿ ಈ ಪರೀಕ್ಷೆ ನಂಬಲರ್ಹವಲ್ಲ.

ಕತ್ತಲಿನ 15 ನಿಮಿಷ

ಗೋಳದ ಬೆಳಕು ಆರಿಸಿ ಗಡಿಯಾರ ಶುರುಮಾಡಿ. ಕೋಣೆ ನಿಜವಾಗಿ ಕತ್ತಲಾಗಿರಬೇಕು. ಬಾಗಿಲ ಸಂದಿ, ಕಂಪ್ಯೂಟರ್ ಪರದೆ, ಏಸಿಯ ಹಸಿರು ದೀಪ ಎಲ್ಲ ಮುಚ್ಚಿ. ಕೆಂಪು ಎಲ್‌ಇಡಿಗಳನ್ನೂ ಕಂಡೂ ಕಾಣದಷ್ಟು ಮಂಕುಮಾಡಿ. ಪ್ರತಿ ನಿಮಿಷಕ್ಕೊಮ್ಮೆ 10 ಸೆಕೆಂಡ್ ಕಣ್ಣು ಹೊರಳಿಸಬೇಕು, ಉಳಿದ 50 ಸೆಕೆಂಡ್ ವಿಶ್ರಾಂತಿ. ಪ್ರತಿ ಸಲ ಶುರುವಾಗುವ ಮೊದಲು ಹೇಳಿ: "ಈಗ ಶುರು, ದೀಪ ನೋಡಿ." ಕತ್ತಲಲ್ಲಿ ನಿದ್ದೆ ಹತ್ತುವುದು ಸಹಜ, ನಡುನಡುವೆ ಮಾತಾಡಿಸುತ್ತಿರಿ.

ಅಂಕಿಗಳು ಮೆಲ್ಲಗೆ ಇಳಿಯುತ್ತವೆ. ಹೆಚ್ಚಿನವರಲ್ಲಿ 10ರಿಂದ 15ನೇ ನಿಮಿಷದ ನಡುವೆ ತಗ್ಗು ಬರುತ್ತದೆ.

ಇಲ್ಲೊಂದು ಉಪಯುಕ್ತ ಸೂತ್ರ: ನಾವು ಹುಡುಕುತ್ತಿರುವ ಅಯಾನು ಬದಲಾವಣೆ ನಿಮಿಷಗಟ್ಟಲೆ ನಿಧಾನವಾಗಿ ಆಗುವಂಥದ್ದು. ಒಂದು ನಿಮಿಷದಿಂದ ಮುಂದಿನದಕ್ಕೆ ಅಂಕಿ ಅರ್ಧಕ್ಕೆ ಬಿದ್ದರೆ ಆರ್‌ಪಿಇಯನ್ನು ದೂರಬೇಡಿ. ಒಂದೇ ಕಣ್ಣಿನಲ್ಲಿ ಬಿದ್ದಿದ್ದರೆ ಎಲೆಕ್ಟ್ರೋಡ್ ಸಡಿಲಾಗಿದೆ. ಎರಡರಲ್ಲೂ ಒಟ್ಟಿಗೆ ಬಿದ್ದಿದ್ದರೆ ರೋಗಿ ಕಣ್ಣಿನ ಜೊತೆ ತಲೆಯನ್ನೂ ತಿರುಗಿಸುತ್ತಿದ್ದಾರೆ, ಇಲ್ಲವೇ ದೀಪದವರೆಗೆ ನೋಡುತ್ತಿಲ್ಲ.

ಬೆಳಕು ಹಚ್ಚಿದ ಮೇಲೆ

15 ನಿಮಿಷ ಮುಗಿದ ಕೂಡಲೇ ಗೋಳದ ಬಿಳಿ ಬೆಳಕು ಹಚ್ಚಿ: ಚದರ ಮೀಟರಿಗೆ 100 ಕ್ಯಾಂಡೆಲಾ. ಕತ್ತಲಿಂದ ಬಂದ ಕಣ್ಣಿಗೆ ಇದು ಚುಚ್ಚುತ್ತದೆ, ಮೊದಲೇ ಎಚ್ಚರಿಸಿ. ಕೆಂಪು ದೀಪಗಳನ್ನು ಈಗ ಪ್ರಕಾಶಮಾನ ಮಾಡದಿದ್ದರೆ ಬಿಳಿ ಹಿನ್ನೆಲೆಯಲ್ಲಿ ಕಾಣುವುದಿಲ್ಲ. ಹೊರಳಿಸುವ ಕ್ರಮ ಮೊದಲಿನದೇ, ನಿಮಿಷಕ್ಕೆ 10 ಸೆಕೆಂಡ್.

ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ಕೆಡುವುದು ವಿಶ್ರಾಂತಿಯ ಈ 50 ಸೆಕೆಂಡುಗಳಲ್ಲಿ. ಬೆಳಕು ತಾಳಲಾರದೆ ರೋಗಿ ಕಣ್ಣು ಮುಚ್ಚಿಕೊಳ್ಳುತ್ತಾರೆ, ಹೊರಳಿಸುವಾಗ ಮಾತ್ರ ತೆರೆಯುತ್ತಾರೆ. ದಾಖಲಾದ ರೇಖೆ ನೋಡಲು ಚೊಕ್ಕವಾಗಿಯೇ ಇರುತ್ತದೆ, ಆದರೆ ರಾಡ್‌ಗಳಿಗೆ ಸಾಕಷ್ಟು ಬೆಳಕು ಮುಟ್ಟಿರುವುದಿಲ್ಲ. ಕ್ಲೋರೈಡ್ ದಾರಿ ಪೂರ್ತಿ ತೆರೆಯದೆ ಶಿಖರ ಕುಗ್ಗುತ್ತದೆ, ಆರೋಗ್ಯವಂತರ ಮೇಲೆ ರೋಗದ ಹಣೆಪಟ್ಟಿ ಬೀಳುತ್ತದೆ. ಗೋಳದೊಳಗಿನ ಕ್ಯಾಮೆರಾದಲ್ಲಿ ಕಣ್ಣನ್ನು ನೋಡುತ್ತಲೇ ಇರಿ. ಕ್ಯಾಮೆರಾ ಇಲ್ಲದಿದ್ದರೆ ಪಕ್ಕದಿಂದ ಇಣುಕಿ. ರೆಪ್ಪೆ ಹೊಡೆಯಲು ಅಡ್ಡಿಯಿಲ್ಲ, ಮುಚ್ಚಿ ಕೂರಬಾರದು.

ಶಿಖರ ದಾಟಿ ಅಂಕಿಗಳು ಸ್ಪಷ್ಟವಾಗಿ ಇಳಿಯತೊಡಗುವವರೆಗೆ ಮುಂದುವರಿಸಿ. 15 ನಿಮಿಷ ಇಟ್ಟುಕೊಂಡರೆ ಸಾಮಾನ್ಯವಾಗಿ ಸಾಕು. 8ನೇ ನಿಮಿಷಕ್ಕೆ ನಿಲ್ಲಿಸಿದರೆ ತಡವಾಗಿ ಬರುವ ಶಿಖರ ಕೈತಪ್ಪುತ್ತದೆ.

ಲೆಕ್ಕ

ಪ್ರತಿ ನಿಮಿಷದ ಒಳ್ಳೆಯ ಹೊರಳಾಟಗಳ ಸರಾಸರಿ ತೆಗೆದು, ಕಾಲಕ್ಕೆ ಎದುರಾಗಿ ಚುಕ್ಕಿ ಇಟ್ಟು, ಚುಕ್ಕಿಗಳ ನಡುವೆ ನಯವಾದ ಗೆರೆ ಎಳೆಯಿರಿ. ತಗ್ಗನ್ನೂ ಶಿಖರವನ್ನೂ ಆ ಗೆರೆಯ ಮೇಲೆ ಓದಬೇಕು. ಒಂಟಿಯಾಗಿ ಎದ್ದು ನಿಂತ ಚುಕ್ಕಿಯನ್ನು ಶಿಖರ ಎಂದು ಹಿಡಿಯುವುದು ಹೊಸಬರು ಮಾಡುವ ತಪ್ಪು. ಕೆಲವು ಸಾಫ್ಟ್‌ವೇರ್‌ಗಳೂ ಹಾಗೆಯೇ ಮಾಡುತ್ತವೆ, ಆದ್ದರಿಂದ ಗೆರೆಯನ್ನು ಕಣ್ಣಾರೆ ನೋಡದೆ ಸಹಿ ಹಾಕಬೇಡಿ.

ತಗ್ಗು 310 ಮೈಕ್ರೋವೋಲ್ಟ್, ಶಿಖರ 720 ಎನ್ನಿ. 720ನ್ನು 310ರಿಂದ ಭಾಗಿಸಿದರೆ 2.3. ಇದನ್ನು ಆರ್ಡನ್ ಅನುಪಾತ ಎನ್ನುತ್ತಾರೆ. ಶೇಕಡಾವಾರು ಬರೆದು 230 ಎನ್ನುವವರೂ ಇದ್ದಾರೆ. ತಗ್ಗು ತೀರ ಕೆಳಗಿದ್ದರೆ ಅನುಪಾತ ಮೋಸ ಮಾಡುತ್ತದೆ: ತಗ್ಗು 100 ಇರುವಲ್ಲಿ ಗದ್ದಲ 30 ಇದ್ದರೆ ಅದೇ ಕಣ್ಣು ಒಮ್ಮೆ 1.5, ಇನ್ನೊಮ್ಮೆ 2.8 ತೋರಿಸಬಹುದು. ಅದಕ್ಕೇ ಅನುಪಾತದ ಜೊತೆ ಎರಡೂ ಅಂಕಿಗಳನ್ನು ಬರೆಯಬೇಕು.

ಫಲಿತಾಂಶ ಓದುವುದು

2ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಸರಿ. 1.5ಕ್ಕಿಂತ ಕೆಳಗಿದ್ದರೆ ದೋಷ ಸ್ಪಷ್ಟ. ನಡುವಿನದ್ದು ಸಂದಿಗ್ಧ, ಅಲ್ಲಿ ನಿಮ್ಮದೇ ಪ್ರಯೋಗಾಲಯದಲ್ಲಿ ಆರೋಗ್ಯವಂತರಿಂದ ಪಡೆದ ಮಿತಿಗಳೇ ಆಧಾರ. ಬೇರೆ ಗೋಳ, ಬೇರೆ ಬೆಳಕಿನಲ್ಲಿ ಪಡೆದ ಮಿತಿಗಳನ್ನು ಎರವಲು ತರಬೇಡಿ.

ಇಆರ್‌ಜಿ ನೋಡದೆ ಇಒಜಿಗೆ ಅರ್ಥವಿಲ್ಲ. ಬೆಳಕಿನ ಶಿಖರಕ್ಕೆ ಸಂಕೇತ ಕೊಡುವುದು ರಾಡ್‌ಗಳು. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ರಾಡ್‌ಗಳೇ ಸತ್ತಿರುವುದರಿಂದ ಶಿಖರ ಬರುವುದಿಲ್ಲ. ಅದರಿಂದ ಆರ್‌ಪಿಇಯ ಸಾಗಣೆ ಹೇಗಿದೆ ಎಂದು ಏನೂ ತಿಳಿಯುವುದಿಲ್ಲ. ಇಆರ್‌ಜಿ ಸರಿಯಾಗಿದ್ದು ಇಒಜಿ ಮಾತ್ರ ಬಿದ್ದುಹೋಗಿದ್ದರೆ ಅದು ಆರ್‌ಪಿಇಯ ಸ್ವಂತ ದೋಷ. ಇದರ ಅತ್ಯುತ್ತಮ ಉದಾಹರಣೆ ಬೆಸ್ಟ್ ರೋಗ. ಫ್ರೆಡ್ರಿಕ್ ಬೆಸ್ಟ್ 1905ರಲ್ಲಿ ವಿವರಿಸಿದ ಈ ವಂಶವಾಹಿ ರೋಗದಲ್ಲಿ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದ ಮೇಲೆ ಮೊಟ್ಟೆಯ ಹಳದಿಯಂಥ ಗುಳ್ಳೆ ಏಳುತ್ತದೆ. ಕಾರಣವಾದ ಬೆಸ್ಟ್1 ಜೀನ್ 1998ರಲ್ಲಿ ಪತ್ತೆಯಾಯಿತು. ಅದರ ಪ್ರೋಟೀನ್ ಕೋರಾಯ್ಡ್ ಕಡೆಯ ಪೊರೆಯಲ್ಲಿರುವ, ಕ್ಯಾಲ್ಸಿಯಂನಿಂದ ತೆರೆದುಕೊಳ್ಳುವ ಕ್ಲೋರೈಡ್ ಚಾನೆಲ್. ಚಾನೆಲ್ ಕೆಲಸ ಮಾಡದಿದ್ದರೆ ಶಿಖರವಿಲ್ಲ. ತಗ್ಗು 400, ಶಿಖರ 430, ಅನುಪಾತ 1.1ರ ಸುಮಾರು: ಇಂಥ ಚಪ್ಪಟೆ ಗೆರೆ ಈ ರೋಗದಲ್ಲಿ ಕಾಣಸಿಗುತ್ತದೆ. ಗಾಯ ಮ್ಯಾಕ್ಯುಲಾದಲ್ಲಿ ಮಾತ್ರ ಕಂಡರೂ ಇಡೀ ಪದರ ಬಾಧಿತವಾಗಿರುತ್ತದೆ ಎಂಬುದಕ್ಕೂ ಇದೇ ಸಾಕ್ಷಿ. ಕಣ್ಣಿನ ಒಳಗೆ ಏನೂ ಕಾಣದ ತಂದೆಯಲ್ಲೋ ತಾಯಿಯಲ್ಲೋ ಅನುಪಾತ ಕಡಿಮೆ ಬಂದು, ಜೀನ್ ಯಾರ ಕಡೆಯಿಂದ ಬಂತೆಂದು ತಿಳಿಯುವುದುಂಟು. ಆದ್ದರಿಂದ ಮಗುವಿನ ಜೊತೆ ಬಂದ ಹೆತ್ತವರಿಬ್ಬರಿಗೂ ಪರೀಕ್ಷೆ ಮಾಡಿ. ವಯಸ್ಕರಲ್ಲಿ ಬರುವ ಇದೇ ರೀತಿಯ ಹಳದಿ ಗಾಯದಲ್ಲಿ ಅನುಪಾತ ಹೆಚ್ಚಾಗಿ ಸಾಮಾನ್ಯ ಅಥವಾ ತುಸು ಕಡಿಮೆ ಇರುತ್ತದೆ.

ರೆಟಿನಾಕ್ಕೆ ಹಾನಿಮಾಡಬಲ್ಲ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನುಂಗುವವರ ತಪಾಸಣೆಗೆ ಇಒಜಿ ಕಳಿಸುವ ಹಳೆಯ ಅಭ್ಯಾಸ ಬಿಡಬೇಕು. ಅದಕ್ಕೆ ಒಸಿಟಿ ಮತ್ತು ದೃಷ್ಟಿಕ್ಷೇತ್ರ ಪರೀಕ್ಷೆಗಳಿವೆ.

ವೇಗದ ಏರಿಳಿತ ಬೇಕಾದಾಗ

ಎನ್‌ಕೆಸಿಸಿ1 ಮತ್ತು ಕೋಶದೊಳಗಿನ ಕ್ಲೋರೈಡ್ ಬಗ್ಗೆ ತಿಳಿಯಬೇಕಾದರೆ ಇನ್ನೊಂದು ಸುತ್ತು ಮಾಡಬಹುದು. 60 ಸೆಕೆಂಡ್ ಬೆಳಕು, 60 ಸೆಕೆಂಡ್ ಕತ್ತಲು, ಹೀಗೆ ಐದಾರು ಆವರ್ತ, ವಿಶ್ರಾಂತಿ ಇಲ್ಲದೆ ಸೆಕೆಂಡಿಗೊಮ್ಮೆ ಕಣ್ಣು ಹೊರಳಿಸುತ್ತ. ಇಲ್ಲಿ ದಿಕ್ಕು ಉಲ್ಟಾ: ಬೆಳಕಿನಲ್ಲಿ ವಿಭವ ಇಳಿಯುತ್ತದೆ, ಕತ್ತಲಲ್ಲಿ ಏರುತ್ತದೆ. ಏರಿಳಿತ ಬೆಳಕಿನ ಶಿಖರಕ್ಕಿಂತ ಬಹಳ ಸಣ್ಣದು, ಆದ್ದರಿಂದ ಆವರ್ತಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆಯಬೇಕು. ಬೆಸ್ಟ್ ರೋಗದಲ್ಲಿ ಶಿಖರ ಹೋದರೂ ಇದು ಹೆಚ್ಚಾಗಿ ಉಳಿದಿರುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ವಂಶವಾಹಿ ರೋಗದಲ್ಲಿ, ಸಿಎಫ್‌ಟಿಆರ್ ಎಂಬ ಬೇರೊಂದು ಕ್ಲೋರೈಡ್ ಚಾನೆಲ್ ಕೆಟ್ಟಿರುವಾಗ, ಇದು ಕುಗ್ಗಿದ್ದು ಕಂಡುಬಂದಿದೆ. ಒಂದೇ ಪೊರೆಯ ಎರಡು ದಾರಿಗಳನ್ನು ಚರ್ಮದ ಮೇಲಿನ ಎಲೆಕ್ಟ್ರೋಡ್‌ಗಳಿಂದಲೇ ಬೇರ್ಪಡಿಸಿ ನೋಡಲು ಆಗುವುದು ಈ ಪರೀಕ್ಷೆಯ ನಿಜವಾದ ಹೆಚ್ಚುಗಾರಿಕೆ. ಅರ್ಧ ಗಂಟೆ ಕಣ್ಣು ಹೊರಳಿಸಿ ಸುಸ್ತಾದವರಿಗೆ ಅದೇ ದಿನ ಇದನ್ನು ಒತ್ತಾಯಿಸಬೇಡಿ, ಬೇರೆ ದಿನ ಕರೆಸಿ.

ವರದಿಯಲ್ಲಿ ಇವಿಷ್ಟು ಇರಲಿ: ಎರಡೂ ಕಣ್ಣುಗಳ ತಗ್ಗು ಮತ್ತು ಶಿಖರ ಮೈಕ್ರೋವೋಲ್ಟ್‌ನಲ್ಲಿ, ಅವು ಬಂದ ನಿಮಿಷ, ಅನುಪಾತ, ಪಾಪೆಯ ವ್ಯಾಸ, ಬೆಳಕಿನ ಪ್ರಮಾಣ, ನಿಮ್ಮ ಪ್ರಯೋಗಾಲಯದ ಸಾಮಾನ್ಯ ಮಿತಿ, ಸೇವಿಸುತ್ತಿರುವ ಔಷಧಗಳು. ಜೊತೆಗೆ ಪೂರ್ತಿ ಗೆರೆಚಿತ್ರ, ಮತ್ತು ರೋಗಿ ಕಣ್ಣು ತೆರೆದು ಸಹಕರಿಸಿದರೇ ಇಲ್ಲವೇ ಎಂಬ ಒಂದು ಸಾಲು.